ಸ್ವರ್ಣಲತಾ ಮೇಡಂ ಮತ್ತು ಯುರೋಪಿನ ಮನೆಗಳು

ಸ್ವರ್ಣಲತಾ ಶೆಟ್ಟಿ ಠಾಣೆಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದರು. ಕಲಿಸಿದ್ದು ಠಾಣೆಯಲ್ಲಾದರೂ ಅವರ ಸಂಶೋಧನೆಯೆಲ್ಲ ಯುರೋಪಿನ ಮೇಲೆ. ಅಲ್ಲಿಯ ಸರ್ಕಾರಗಳು ಕೂಲಿಕಾರರಿಗೆಂದು ಕಟ್ಟಿಸಿದ್ದ ಲಕ್ಷಾಂತರ ಬಾಡಿಗೆ ಮನೆಗಳನ್ನು ಯಾಕೆ ಮಾರಿದವು, ಮಾರಿದ ಮೇಲೆ ಅಲ್ಲಿದ್ದವರು ಎಲ್ಲಿಗೆ ಹೋದರು ಎಂಬುದೇ ಅವರ ಜೀವಮಾನದ ಪ್ರಶ್ನೆ. ನವ ಉದಾರವಾದ ಎಂಬ ದೊಡ್ಡ ಮಾತನ್ನು ತರಗತಿಯಲ್ಲಿ ಹೇಳಬೇಕಾಗಿ ಬಂದಾಗಲೆಲ್ಲ ಅವರು ಮೊದಲು ಒಂದು ಮನೆಯ ಕಥೆ ಹೇಳುತ್ತಿದ್ದರು. ಆ ಮನೆಯಲ್ಲಿ ಯಾರಿದ್ದರು, ಬಾಡಿಗೆ ಯಾರಿಗೆ ಕೊಡುತ್ತಿದ್ದರು, ನಲ್ಲಿ ಕೆಟ್ಟರೆ ಯಾರನ್ನು ಕರೆಯುತ್ತಿದ್ದರು. ಆಮೇಲೆ ಒಂದು ದಿನ ಮನೆಗೆ ಹೊಸ ಮಾಲೀಕ ಬಂದ. ಅಲ್ಲಿಂದ ಪಾಠ ಶುರು.

ನಾನು ಅವರ ವಿಭಾಗಕ್ಕೆ ಸೇರಿದಾಗ ಅವರಿಗೆ ಐವತ್ತರ ಹತ್ತಿರ. ನಮ್ಮ ಮನೆತನ ಕಲಬುರಗಿ ಕಡೆಯದು, ಅಪ್ಪ ಡೊಂಬಿವಲಿಯ ಕಾರ್ಖಾನೆಗೆ ಬಂದು ಅಲ್ಲೇ ಉಳಿದವರು. ಸಂದರ್ಶನದಲ್ಲಿ ನನ್ನ ಅಡ್ಡಹೆಸರು ಕೇಳಿ ಮೇಡಂ ಕನ್ನಡದಲ್ಲಿ ಮಾತಾಡಿಸಿದ್ದರು. ಸೇರಿದ ಮೊದಲ ವಾರವೇ ನಾನು ಎಲ್ಲರೂ ಕೇಳುವ ಪ್ರಶ್ನೆ ಕೇಳಿದೆ.

"ಇಷ್ಟೆಲ್ಲ ವಿಷಯ ಬಿಟ್ಟು ಯುರೋಪೇ ಯಾಕ್ರಿ ಮೇಡಂ?"

"ಎಂತ ಇಲ್ಲ ಜ್ಯೋತಿ. ಎಂ.ಎ.ಯಲ್ಲಿ ಆ ಪೇಪರ್ ಯಾರೂ ತಗೊಳ್ತಿರ್ಲಿಲ್ಲ. ಲೈಬ್ರರಿಯಲ್ಲಿ ಪುಸ್ತಕ ಯಾವಾಗ ಹೋದ್ರೂ ಸಿಗ್ತಿತ್ತು. ಅಡುಗೆ ಮುಗಿಸಿ ನಾನು ಕಲೀನಾದ ಯೂನಿವರ್ಸಿಟಿ ಮುಟ್ಟುವಾಗ ಬೇರೆ ವಿಷಯದ ಪುಸ್ತಕ ಎಲ್ಲ ಖಾಲಿ."

ತಮಾಷೆಗೆ ಹೇಳಿದ್ದಲ್ಲ, ನಿಜವೇ ಆಗಿತ್ತು. ಆದರೆ ಪೂರ್ತಿ ಕಥೆ ಅದಲ್ಲವೆಂದು ನನಗೆ ತಿಳಿದದ್ದು ಕೋಪರಿಯ ಅವರ ಮನೆಗೆ ಹೋಗಿ ಬರಲು ಶುರುವಾದ ಮೇಲೆ.

ಠಾಣೆ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದರೆ ಐದು ನಿಮಿಷದ ದಾರಿಯಲ್ಲಿ ಜೀವನ ಸದನ ಎಂಬ ಮೂರು ಮಾಳಿಗೆಯ ಹಳೆಯ ಕಟ್ಟಡ. ಕೆಳಗೆ ಅವರ ಗಂಡ ವಸಂತಕುಮಾರ ಶೆಟ್ಟರ ಸಣ್ಣ ಹೋಟೆಲು, ಎರಡನೇ ಮಾಳಿಗೆಯಲ್ಲಿ ಮನೆ. ಮೂಲ್ಕಿಯ ಹತ್ತಿರದ ಊರಿನಿಂದ ಮದುವೆಯಾಗಿ ಬಂದ ಸ್ವರ್ಣಲತಾಗೆ ಆಗ ಬಿ.ಎ. ಮುಗಿದಿತ್ತು, ಹಿಂದಿ ಅರ್ಧ ಬರುತ್ತಿತ್ತು, ಮರಾಠಿ ಬರುತ್ತಲೇ ಇರಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ. ಅತ್ತೆ, ಮಾವ, ಗಂಡ, ತಾನು. ಹೊರಗಿನ ಓಣಿಯಲ್ಲಿ ಹೋಟೆಲಿನ ಕೆಲಸದವರು ಚಾಪೆ ಹಾಸಿ ಮಲಗುತ್ತಿದ್ದರು. ಸೊಸೆಗೆ ಓದುವ ಆಸೆಯೆಂದು ತಿಳಿದಾಗ ಮಾವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಹನ್ನೊಂದು ಗಂಟೆಯ ಒಳಗೆ ಅಡುಗೆ ಆಗುವುದಾದರೆ ತನ್ನದೇನೂ ತಕರಾರಿಲ್ಲ ಎಂದರು.

ಎಂ.ಎ. ತರಗತಿಯಲ್ಲಿ ಒಂದು ದಿನ ಪ್ರೊಫೆಸರರು ಇಂಗ್ಲೆಂಡಿನ ಕಥೆ ಹೇಳಿದರು. ಅಲ್ಲಿಯ ಸರ್ಕಾರ ಪೌರಸಭೆಯ ಬಾಡಿಗೆ ಮನೆಗಳನ್ನು ಅದರಲ್ಲಿದ್ದ ಬಾಡಿಗೆದಾರರಿಗೇ ಅಗ್ಗಕ್ಕೆ ಮಾರಿತು, ಜನ ಖುಷಿಯಾದರು. ಕೋಣೆಗೊಂದರಂತೆ ಸಂಸಾರ ಹೂಡಿದವರ ಮಕ್ಕಳೇ ತುಂಬಿದ್ದ ಆ ತರಗತಿಗೆ ಇದು ಬಹಳ ಹಿಡಿಸಿತು. ಹಿಂದಿನ ಬೆಂಚಿನಿಂದ ಸ್ವರ್ಣಲತಾ ಕೇಳಿದರು, "ಸರ್, ಇದ್ದವರಿಗೆ ಸಿಕ್ಕಿತು. ಮರುವರ್ಷ ಊರಿಂದ ಹೊಸತಾಗಿ ಬಂದವನಿಗೆ ಯಾವ ಮನೆ?"

ಪ್ರೊಫೆಸರರು, "ನೀನೇ ಹುಡುಕಮ್ಮ, ಹುಡುಕಿ ನನಗೂ ಹೇಳು" ಎಂದರು.

ಆ ವಾರ ಸ್ವರ್ಣಲತಾ ಒಂದು ಪ್ರಬಂಧ ಬರೆಯಬೇಕಿತ್ತು. ಬರೆಯಲು ಕೂತರೆ ಪುಸ್ತಕದ ವಾಕ್ಯಗಳೇ ಬರುತ್ತಿದ್ದವು, ತನ್ನ ಮಾತು ಒಂದೂ ಬರುತ್ತಿರಲಿಲ್ಲ. ಮಧ್ಯಾಹ್ನ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಹೋಟೆಲಿಗೆ ಒಂದೂವರೆ ಗಂಟೆ ಬಿಡುವು. ಆ ಹೊತ್ತಿಗೆ ವಸಂತಣ್ಣ ಮೇಲೆ ಬಂದು ಚಾಪೆಯ ಮೇಲೆ ಅಡ್ಡಾಗುತ್ತಿದ್ದರು. ಹೆಂಡತಿ ಹಾಳೆ ಹರಿದು ಹರಿದು ಹಾಕುವುದನ್ನು ನೋಡಿ, "ಎಂತದು ಅದು? ನಂಗೆ ಹೇಳು ನೋಡುವ" ಎಂದರು.

"ನಿಮಗೆ ಎಂತಕ್ಕೆ ಇಂಗ್ಲೆಂಡಿನ ಸುದ್ದಿ?"

"ಹೇಳು ಮಾರಾಯ್ತಿ. ಇಡೀ ದಿನ ಇಡ್ಲಿ ಸಾಂಬಾರ್ ಸುದ್ದಿಯೇ ಕೇಳಿ ಸಾಕಾಗಿದೆ."

ತುಳುವಿನಲ್ಲಿ ಹೇಳಲು ಶುರು ಮಾಡಿದರು. ಹತ್ತನೇ ಕ್ಲಾಸಿಗೆ ಓದು ಬಿಟ್ಟು ಗಲ್ಲಾದ ಮುಂದೆ ಕೂತ ಮನುಷ್ಯ ಐದು ನಿಮಿಷ ಹೂಂ ಹೂಂ ಎಂದ, ಆರನೆಯ ನಿಮಿಷಕ್ಕೆ ಗೊರಕೆ. ಸ್ವರ್ಣಲತಾಗೆ ಸಿಟ್ಟು ಬರಲಿಲ್ಲ. ಎಲ್ಲಿಗೆ ಬಂದಾಗ ನಿದ್ದೆ ಬಂತು ಎಂದು ನೆನಪಿಟ್ಟುಕೊಂಡು, ಅಲ್ಲಿಂದ ಬೇರೆ ರೀತಿ ಯೋಚಿಸಿ, ಮರುದಿನ ಮತ್ತೆ ಹೇಳಿದರು. ಮರುದಿನ ಹತ್ತು ನಿಮಿಷ ಎಚ್ಚರವಿದ್ದರು. ನಾಲ್ಕನೆಯ ದಿನ ಪೂರ್ತಿ ಕೇಳಿ, "ಹಾಗಾದ್ರೆ ಮೊದಲು ಹತ್ತಿದವನಿಗೆ ಸೀಟು ಕೊಟ್ಟು ಬಾಗಿಲು ಹಾಕಿದ ಹಾಗೆ" ಎಂದು ಎದ್ದು ಕೆಳಗೆ ಹೋದರು. ಸ್ವರ್ಣಲತಾ ಅಂದೇ ಪ್ರಬಂಧ ಬರೆದು ಮುಗಿಸಿದರು.

ಮುಂದೆ ಅವರು ಬರೆದದ್ದೆಲ್ಲ ಮೊದಲು ಆ ಚಾಪೆಯ ಪರೀಕ್ಷೆ ದಾಟಿಯೇ ಹೊರಗೆ ಹೋಯಿತು. ಮಗಳು ಅಶ್ಮಿತಾ ಹುಟ್ಟಿ, ಬೆಳೆದು, ಶಾಲೆಯಿಂದ ಬಂದು ಬಾಗಿಲಲ್ಲೇ ನಿಂತು ನೋಡಿ, "ಪಪ್ಪಾ ಸೋ ಗಯೇ ಮಮ್ಮಿ, ಫಿರ್ ಸೆ ಲಿಖೋ" ಎಂದು, ಅಪ್ಪ ಮಲಗಿಬಿಟ್ಟರು ಮತ್ತೆ ಬರಿ ಎಂದು, ಹಿಂದಿಯಲ್ಲಿ ಹೇಳುವಷ್ಟು ಮನೆಯಲ್ಲಿ ಇದು ಸಾಮಾನ್ಯವಾಗಿತ್ತು.

ಪಿಎಚ್‌.ಡಿ.ಯ ಮೌಖಿಕ ಪರೀಕ್ಷೆಗೆ ವಸಂತಣ್ಣ ಬಿಳಿ ಅಂಗಿ ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತರು. ದೆಹಲಿಯಿಂದ ಬಂದ ಪರೀಕ್ಷಕರು ಜೋರಿನವರು. ಮಾರುಕಟ್ಟೆ ಮತ್ತು ಪ್ರಭುತ್ವದ ಸಂಬಂಧದ ಬಗ್ಗೆ ಒಂದು ಉದ್ದನೆಯ ಪ್ರಶ್ನೆ ಹಾಕಿದರು. ಸ್ವರ್ಣಲತಾ ತಯಾರಿ ಮಾಡಿಕೊಂಡಿದ್ದ ಉತ್ತರವನ್ನೇ ಗಂಭೀರವಾಗಿ ಹೇಳುತ್ತ ಹೋದರು. ಹೇಳುತ್ತಿರುವಾಗ ಕಣ್ಣು ಕೊನೆಯ ಸಾಲಿಗೆ ಹೋಯಿತು. ಗಂಡನ ತಲೆ ಎದೆಯ ಮೇಲೆ ಬಾಗಿತ್ತು.

"ನಂಗೆ ಹೆದರಿಕೆ ಆಯ್ತು" ಎಂದು ಮೇಡಂ ನನಗೆ ಹೇಳಿದ್ದರು. "ಪರೀಕ್ಷಕರ ಹೆದರಿಕೆ ಅಲ್ಲ. ಇವರು ಮಲಗಿದ್ರು ಅಂದ್ರೆ ನಾನು ಎಲ್ಲೋ ತಪ್ಪಿದ್ದೇನೆ ಅಂತ."

ಮಾತು ನಿಲ್ಲಿಸಿ, ಕ್ಷಮೆ ಕೇಳಿ, ಉತ್ತರವನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಶೆಫೀಲ್ಡಿನ ಒಂದು ಬೀದಿಯಿಂದ ಶುರು ಮಾಡಿದರು. ಯಾರು ಮನೆ ಕೊಂಡರು, ಅವರ ಮಕ್ಕಳು ಅದನ್ನು ಯಾರಿಗೆ ಮಾರಿದರು, ಈಗ ಅದೇ ಮನೆಯಲ್ಲಿ ಮೂರು ಪಟ್ಟು ಬಾಡಿಗೆ ಕೊಟ್ಟು ಯಾರಿದ್ದಾರೆ. ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು. ಮುಗಿದ ಮೇಲೆ, "ಎರಡನೆಯ ಉತ್ತರ ಥೀಸಿಸ್‌ಗಿಂತ ಚೆನ್ನಾಗಿತ್ತು" ಎಂದರಂತೆ.

ನಲವತ್ತೇಳರ ವಯಸ್ಸಿನಲ್ಲಿ ವಿಯೆನ್ನಾದಲ್ಲಿ ಆರು ತಿಂಗಳ ಫೆಲೋಶಿಪ್ ಸಿಕ್ಕಿತು. ಅಲ್ಲಿಯ ಪೌರಸಭೆ ತನ್ನ ಬಾಡಿಗೆ ಮನೆಗಳನ್ನು ಮಾರದೆ ಉಳಿಸಿಕೊಂಡಿತ್ತು. ಬರ್ಲಿನ್ ಮಾತ್ರ ಅರವತ್ತೈದು ಸಾವಿರ ಮನೆಗಳನ್ನು ಒಂದೇ ಏಟಿಗೆ ಮಾರಿತ್ತು. ಎರಡನ್ನೂ ಜೋಡಿಸಿ ಬರೆಯಬೇಕೆಂಬುದು ಅವರ ಯೋಜನೆ. ಹೋದರು, ಓದಿದರು, ಬೀದಿ ಬೀದಿ ತಿರುಗಿದರು. ಒಂದು ತಿಂಗಳಾದರೂ ಒಂದು ಪುಟ ಬರೆಯಲಾಗಲಿಲ್ಲ. ಒಳ್ಳೆಯ ಮೇಜು, ಕಿಟಕಿಯಾಚೆ ಮರ, ಎಲ್ಲಿಯೂ ಸದ್ದಿಲ್ಲ. ಕೊನೆಗೆ ಗಂಡನಿಗೆ ಫೋನು ಮಾಡಿದರು.

"ಇಲ್ಲಿ ಕೇಳುವವರೇ ಇಲ್ಲ."

"ಅಷ್ಟು ದೊಡ್ಡ ದೊಡ್ಡ ಪ್ರೊಫೆಸರ್‌ಗಳು ಇದ್ದಾರಲ್ಲ?"

"ಅವರು ಮಲಗುವುದಿಲ್ಲ. ಎಲ್ಲದಕ್ಕೂ ತಲೆ ಆಡಿಸ್ತಾರೆ. ಎಲ್ಲಿ ತಪ್ಪಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಅಂದಿನಿಂದ ಹೋಟೆಲಿನ ಬಿಡುವಿನ ಹೊತ್ತಿಗೆ, ವಿಯೆನ್ನಾದಲ್ಲಿ ಇನ್ನೂ ಬೆಳಿಗ್ಗೆ ಇರುವಾಗ, ಕೋಪರಿಗೆ ಫೋನು ಬರತೊಡಗಿತು. ವಸಂತಣ್ಣ ಫೋನನ್ನು ಕಿವಿಯ ಹತ್ತಿರ ದಿಂಬಿನ ಮೇಲಿಟ್ಟುಕೊಂಡು ಮಲಗುತ್ತಿದ್ದರು. ಗೊರಕೆ ಕೇಳಿಸಿದರೆ ಅತ್ತ ಕಡೆಯವರು ಫೋನು ಇಟ್ಟು ಪೆನ್ನು ಹಿಡಿಯುತ್ತಿದ್ದರು. ಆ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಒಳ್ಳೆಯ ಹೆಸರು ಬಂತು. ಅರ್ಪಣೆಯ ಪುಟದಲ್ಲಿ ಗಂಡನ ಹೆಸರು ಮಾತ್ರ ಇದೆ, ಕಾರಣ ಬರೆದಿಲ್ಲ.

ಜೀವನ ಸದನ ಅಪಾಯಕಾರಿ ಕಟ್ಟಡವೆಂದು ನೋಟಿಸು ಬಂದದ್ದು ಇದಾದ ಕೆಲವು ವರ್ಷಗಳಿಗೆ. ಬಿಲ್ಡರ್ ಒಬ್ಬ ರೀಡೆವಲಪ್‌ಮೆಂಟಿಗೆ ಮುಂದೆ ಬಂದ. ಹಳೆಯದನ್ನು ಕೆಡವಿ ಹದಿನಾರು ಮಾಳಿಗೆ ಕಟ್ಟುವುದು, ಹಳಬರಿಗೆಲ್ಲ ಹೊಸ ಫ್ಲ್ಯಾಟು, ಕಟ್ಟುವವರೆಗೆ ಬೇರೆ ಕಡೆ ಬಾಡಿಗೆ ಅವನದೇ. ಕಟ್ಟಡದ ಮನೆ ಮಾಲೀಕರ ಸೊಸೈಟಿಯ ಕಾರ್ಯದರ್ಶಿ ಮಧ್ವೇಶ ರಾವ್ ಟೆರೇಸಿನ ಮೇಲೆ ಸಭೆ ಕರೆದು, "ನಮ್ಮಲ್ಲಿ ಇದೇ ವಿಷಯದಲ್ಲಿ ಡಾಕ್ಟರೇಟ್ ಮಾಡಿದವರು ಇದ್ದಾರೆ, ಅವರು ಎರಡು ಮಾತು ಹೇಳಲಿ" ಎಂದರು.

ಮೇಡಂ ಮರಾಠಿಯಲ್ಲಿ ಕಾಲು ಗಂಟೆ ಮಾತಾಡಿದರು. ಬರ್ಲಿನ್ನಿನಲ್ಲಿ ಮಾರುವಾಗ ಏನೇನು ಮಾತು ಕೊಟ್ಟಿದ್ದರು, ಆಮೇಲೆ ಅದರಲ್ಲಿ ಏನು ಉಳಿಯಿತು, ಹಾಗಾಗಿ ನಮ್ಮ ಒಪ್ಪಂದದಲ್ಲಿ ಏನೇನು ಬರೆದಿರಬೇಕು. ಎಲ್ಲರೂ ಗಮನವಿಟ್ಟು ಕೇಳಿದರು, ಚಪ್ಪಾಳೆಯೂ ತಟ್ಟಿದರು. ಮಧ್ವೇಶ ರಾಯರು ವಿನಯದಿಂದಲೇ ಕೇಳಿದರು, "ಮೇಡಂ, ಒಂದೇ ಡೌಟು. ಬರ್ಲಿನ್ನಿನಲ್ಲಿ ಟೆರೇಸ್ ಸೋರ್ತಿತ್ತಾ?"

ಸೋರುತ್ತಿರಲಿಲ್ಲ ಎಂದು ಮೇಡಂ ಒಪ್ಪಿಕೊಳ್ಳಬೇಕಾಯಿತು. ಜನ ನಕ್ಕರು, ಮೇಡಮ್ಮೂ ನಕ್ಕರು. ಅವರು ಹೇಳಿದ ಎರಡು ಶರತ್ತುಗಳನ್ನು ಒಪ್ಪಂದಕ್ಕೆ ಸೇರಿಸಿ, ಆ ತಿಂಗಳೇ ಎಲ್ಲರೂ ಸಹಿ ಹಾಕಿದರು. ಮೇಡಮ್ಮೂ ಹಾಕಿದರು.

ಗಂಡ ಹೆಂಡತಿ ಸೀವುಡ್ಸ್ ಎಂಬ ಹೊಸ ಬಡಾವಣೆಯ ಬಾಡಿಗೆ ಫ್ಲ್ಯಾಟಿಗೆ ಹೋದರು. ಮೇಡಂಗೆ ಓದಲು ಮೊದಲ ಸಲ ಪ್ರತ್ಯೇಕ ಕೋಣೆ ಸಿಕ್ಕಿತು. ವಸಂತಣ್ಣನ ಪಾಡು ಕಷ್ಟವಾಯಿತು. ಹೋಟೆಲು ಮುಚ್ಚಿತ್ತು. ಮಧ್ಯಾಹ್ನ ನಿದ್ದೆ ಬರುವಷ್ಟು ದಣಿವೇ ಇಲ್ಲ. ಹೆಂಡತಿ ಹೇಳಲು ಕೂತರೆ ಕಣ್ಣು ತೆರೆದು ಸೂರು ನೋಡುತ್ತಿದ್ದರು, ಆದರೆ ಏನೂ ಕೇಳಿಸಿಕೊಳ್ಳುತ್ತಿರಲಿಲ್ಲ.

"ಜನ ಬೇಕು ನಂಗೆ" ಎಂದರು ಒಂದು ದಿನ. "ಇಲ್ಲಿ ಲಿಫ್ಟಲ್ಲಿ ಯಾರೂ ಮುಖ ನೋಡುವುದಿಲ್ಲ."

ಹಳೆಯ ಕಟ್ಟಡದವರೆಲ್ಲ ಡೊಂಬಿವಲಿ, ಕಳವಾ, ಐರೋಲಿ ಎಂದು ಬಾಡಿಗೆ ಅಗ್ಗ ಸಿಕ್ಕಲ್ಲಿ ಚದುರಿಹೋಗಿದ್ದರು. ವಸಂತಣ್ಣ ಒಬ್ಬೊಬ್ಬರನ್ನೇ ನೋಡಿ ಬರಲು ಶುರು ಮಾಡಿದರು. ಮನೆಯಲ್ಲೇ ನೀರುದೋಸೆಯೋ ಗೋಳಿಬಜೆಯೋ ಮಾಡಿ ಡಬ್ಬಿಗೆ ತುಂಬಿಕೊಂಡು ಹೊರಡುವರು. ಭಾನುವಾರಗಳಲ್ಲಿ ಮೇಡಮ್ಮೂ ಜೊತೆಗೆ. ಹೀಗೆ ಒಂದು ಭಾನುವಾರ ಡೊಂಬಿವಲಿಯ ನಮ್ಮ ಮನೆಗೂ ಬಂದರು. ಮಾತಿನ ನಡುವೆ ವಸಂತಣ್ಣ ಚಾ ಕಪ್ಪನ್ನು ಕೆಳಗಿಟ್ಟು, "ಅಲ್ಲ ಸ್ವರ್ಣ, ಚಂದ್ರಬಾಯಿ ಎಲ್ಲಿ ಹೋದಳು?" ಎಂದರು.

ಚಂದ್ರಬಾಯಿಯನ್ನು ನಾನೂ ನೋಡಿದ್ದೆ. ವಿಜಯಪುರದ ಕಡೆಯವಳು. ಗಂಡ ಜೀವನ ಸದನದ ವಾಚ್‌ಮನ್ ಆಗಿದ್ದ, ಪಂಪು ನೋಡಿಕೊಳ್ಳುತ್ತಿದ್ದ. ಅವನು ತೀರಿಕೊಂಡ ಮೇಲೂ ಜಿನೆಯ, ಎಂದರೆ ಮೆಟ್ಟಿಲಿನ, ಕೆಳಗಿನ ಆ ಸಣ್ಣ ಖೋಲಿಯಲ್ಲೇ ಇದ್ದು ಗೇಟಿನ ಹತ್ತಿರ ಹೂ ಮಾರುತ್ತಿದ್ದಳು. ಕಟ್ಟಡ ಖಾಲಿಯಾಗುವ ಗಡಿಬಿಡಿಯಲ್ಲಿ ಅವಳು ಎಲ್ಲಿ ಹೋದಳೆಂದು ಯಾರೂ ಕೇಳಿರಲಿಲ್ಲ. ಅವಳು ಸೊಸೈಟಿಯ ಸದಸ್ಯಳಲ್ಲ, ಹಾಗಾಗಿ ಫ್ಲ್ಯಾಟಿಲ್ಲ, ಬಾಡಿಗೆಯಿಲ್ಲ.

ಮೇಡಮ್ಮಿನ ಪುಸ್ತಕದಲ್ಲಿ ಒಂದು ಪೂರ್ತಿ ಅಧ್ಯಾಯ ಬರ್ಲಿನ್ನಿನ ಒಳಬಾಡಿಗೆದಾರರ ಮೇಲಿದೆ. ಹೆಸರಿಲ್ಲದ ಕಾರಣಕ್ಕೆ ಯಾವ ಲೆಕ್ಕಕ್ಕೂ ಸಿಗದೆ ಹೋದವರ ಮೇಲೆ. ಅದು ನನಗೂ ನೆನಪಾಯಿತು, ಅವರಿಗೂ ನೆನಪಾಗಿತ್ತೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಹೂವಿನ ಸಂತೆಯಲ್ಲಿ ವಿಚಾರಿಸಿ ವಸಂತಣ್ಣ ಕೊನೆಗೆ ವಿಳಾಸ ಪತ್ತೆ ಮಾಡಿದರು. ಕಲ್ಯಾಣದ ಪೂರ್ವಕ್ಕೆ, ಸಾಲುಮನೆಗಳ ಚಾಳೊಂದರಲ್ಲಿ ಅವಳ ತಮ್ಮನ ಮನೆ. ನನ್ನನ್ನೂ ಕರೆದುಕೊಂಡು ಹೋದರು. ಚಂದ್ರಬಾಯಿ ನಮ್ಮನ್ನು ನೋಡಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು ನಕ್ಕಳು.

"ಬರ್ರಿ ಅಕ್ಕಾರ, ಒಳಗ ಬರ್ರಿ. ಅಣ್ಣಾರ, ಕುರ್ಚಿ ಒಂದ ಐತಿ ನೋಡ್ರಿ, ನೀವು ಕುಂದರ್ರಿ."

ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಮೇಡಂ ಕೇಳಿದರು, "ಚಂದ್ರಬಾಯಿ, ಹೋಗುವಾಗ ನಂಗೆ ಯಾಕೆ ಹೇಳ್ಲಿಲ್ಲ ನೀವು?"

"ಏನಂತ ಹೇಳ್ಲಿರಿ? ಎಲ್ಲಾರೂ ಸಾಮಾನು ಕಟ್ಟಾಕತ್ತಿದ್ರಿ. ನಂದರ ಏನಿತ್ತು, ಒಂದ ಟ್ರಂಕು. ತಮ್ಮ ಬಂದಾ, ಹೊತಗೊಂಡು ಬಂದ್ವಿ."

"ಮೀಟಿಂಗಲ್ಲಿ ನಿಮ್ಮ ಹೆಸರು ನಾನು ಎತ್ಬೇಕಿತ್ತು."

"ನೀವು ಆ ದಿನ ಭಾಳ ಚಂದ ಮಾತಾಡಿದ್ರಿ ಅಕ್ಕಾರ. ನಾ ಜಿನೆದಾಗ ಕುಂತು ಕೇಳೀನಿ" ಎಂದಳು ಚಂದ್ರಬಾಯಿ. ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ವಸಂತಣ್ಣ ಡಬ್ಬಿ ತೆಗೆದರು. ಗೋಳಿಬಜೆ ಆರಿಹೋಗಿತ್ತು, ಆದರೂ ತಮ್ಮನ ಮಕ್ಕಳು ಕ್ಷಣದಲ್ಲಿ ಮುಗಿಸಿದರು.

ಹಿಂದಿರುಗುವಾಗ ಗಾಡಿಯಲ್ಲಿ ಮೇಡಂ ಗಂಡನ ಕಡೆ ತಿರುಗಿ, "ಇದನ್ನು ಬರೀಬೇಕು. ವಿಯೆನ್ನಾದವರು ಕೇಳ್ತಾ ಇದ್ದಾರೆ, ಇಲ್ಲಿಯದು ಏನಾದ್ರೂ ಕೊಡಿ ಅಂತ. ನಮ್ಮ ಕಟ್ಟಡದವರದ್ದೇ ಬರೀತೇನೆ" ಎಂದರು.

"ಬೇಡ."

"ಯಾಕೆ?"

"ಚಾ ಕುಡೀಲಿಕ್ಕೆ ಅಂತ ಹೋದದ್ದು ನಾವು. ಬರೀಲಿಕ್ಕೆ ಅಂತ ಹೇಳಿ ಹೋಗ್ಲಿಲ್ಲ. ಬರೆದ್ರೆ ಇನ್ನೊಂದು ಸಲ ಅವಳ ಮನೆಗೆ ನಾನು ಹೇಗೆ ಹೋಗುವುದು?"

ಇಷ್ಟು ವರ್ಷಗಳಲ್ಲಿ ಹೆಂಡತಿಯ ಬರವಣಿಗೆಗೆ ಅವರು ಬೇಡ ಎಂದದ್ದು ಅದೊಂದೇ ಸಲ. ಮೇಡಂ ಎರಡು ವಾರ ಗೊಣಗಿದರು. ಒಳ್ಳೆಯ ಲೇಖನವೊಂದು ಕೈಯಿಂದ ಜಾರಿತೆಂದು ನನ್ನ ಹತ್ತಿರ ಹೇಳಿಕೊಂಡರು. ಬರೆಯಲಿಲ್ಲ.

ಹೊಸ ಕಟ್ಟಡ ಮುಗಿಯಲು ಹೇಳಿದ್ದಕ್ಕಿಂತ ಎರಡು ವರ್ಷ ಹೆಚ್ಚೇ ಹಿಡಿಯಿತು. ಹನ್ನೊಂದನೇ ಮಾಳಿಗೆಯಲ್ಲಿ ಮನೆ, ಕೆಳಗೆ ಹೋಟೆಲಿನ ಬದಲಿಗೆ ಒಂದು ಅಂಗಡಿ ಸಿಕ್ಕಿತು. ವಸಂತಣ್ಣನ ಮೊಣಕಾಲು ಹೋಟೆಲು ನಡೆಸುವ ಸ್ಥಿತಿಯಲ್ಲಿರಲಿಲ್ಲ. ಅಂಗಡಿಯನ್ನು ಔಷಧಿ ಮಾರುವವರಿಗೆ ಬಾಡಿಗೆಗೆ ಕೊಟ್ಟರು. ಕೊಡುವಾಗ ಶಟರಿನ ಒಳಗೆ ಎಡಗಡೆ ಒಬ್ಬರು ಕೂರುವಷ್ಟು ಜಾಗ ತನ್ನದೆಂದು ಉಳಿಸಿಕೊಂಡರು. ಮರುವಾರ ಕಲ್ಯಾಣಕ್ಕೆ ಹೋಗಿ ಚಂದ್ರಬಾಯಿಗೆ ಹೇಳಿ ಬಂದರು.

ಅವಳು ಹೂಬುಟ್ಟಿಯೊಂದಿಗೆ ಬಂದು ಕೂತ ಮೂರನೆಯ ದಿನವೇ ಸೊಸೈಟಿಯಲ್ಲಿ ತಕರಾರು ಎದ್ದಿತು. ಹೊಸದಾಗಿ ಫ್ಲ್ಯಾಟು ಕೊಂಡವರಿಗೆ ಪ್ರವೇಶದ ಅಂದ ಕೆಡುತ್ತದೆಂಬ ಚಿಂತೆ. ಮಧ್ವೇಶ ರಾಯರೇ ಈಗಲೂ ಕಾರ್ಯದರ್ಶಿ. ಸಭೆಯಲ್ಲಿ ಸಂಕೋಚದಿಂದ ವಿಷಯ ಎತ್ತಿದರು. ಅಂದು ನಾನು ಮೇಡಮ್ಮಿನ ಜೊತೆಗೇ ಇದ್ದೆ. ಅವರು ಎದ್ದು ನಿಂತಾಗ, ಈಗ ಬರ್ಲಿನ್ ಬರುತ್ತದೆಂದು ಒಂದಿಬ್ಬರು ಮುಗುಳ್ನಕ್ಕರು.

"ಚಂದ್ರಬಾಯಿಯ ಗಂಡ ಇಪ್ಪತ್ತು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ನಮ್ಮ ಟ್ಯಾಂಕಿಗೆ ನೀರು ಏರಿಸಿದ್ದಾನೆ" ಎಂದರು ಮೇಡಂ. "ಕಟ್ಟಡ ಹೊಸತಾಗುವಾಗ ನಮಗೆಲ್ಲ ಮನೆ ಬಂತು. ಅವಳಿಗೆ ಏನು ಬಂತು ಅಂತ ನಾವು ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅವಳು ಕೂತಿರುವುದು ನಮ್ಮ ಅಂಗಡಿಯ ಒಳಗೆ. ಅಲ್ಲೇ ಕೂರ್ತಾಳೆ."

ಮಾತು ಅಷ್ಟೇ. ಹೊಸಬರಲ್ಲಿ ಒಬ್ಬ ನಿಯಮದ ಸಂಖ್ಯೆ ಓದಿದ. ಹಳಬರು ಯಾರೂ ಅವನ ಪರವಾಗಿ ಬಾಯಿ ತೆರೆಯಲಿಲ್ಲ. ಮಧ್ವೇಶ ರಾಯರು ಕನ್ನಡಕ ಒರೆಸಿ, ಮುಂದಿನ ವಿಷಯ ಪಾರ್ಕಿಂಗ್ ಎಂದರು. ಮರುದಿನ ಬೆಳಿಗ್ಗೆ ಅವರ ಹೆಂಡತಿಯೇ ಕೆಳಗಿಳಿದು ಬಂದು ಎರಡು ಮೊಳ ಮಲ್ಲಿಗೆ ಕೊಂಡರಂತೆ.

ಮೇಡಂ ಕಳೆದ ವರ್ಷ ನಿವೃತ್ತರಾದರು. ಯುರೋಪಿನ ಕೆಲಸ ಬಿಟ್ಟಿಲ್ಲ. ದೊಡ್ಡ ಕಂಪನಿಗಳ ಕೈಯಲ್ಲಿರುವ ಮನೆಗಳನ್ನು ಮರಳಿ ಸಾರ್ವಜನಿಕ ಮಾಡಬೇಕೆಂದು ಬರ್ಲಿನ್ನಿನ ಜನ ವೋಟು ಹಾಕಿದ್ದರ ಬಗ್ಗೆ ಈಗ ಬರೆಯುತ್ತಿದ್ದಾರೆ. ಈ ಸಲ ಕನ್ನಡದಲ್ಲಿ. ತೊಡಕಾದಾಗ ನನಗೆ ಫೋನು ಮಾಡಿ, ಈ ಮಾತಿಗೆ ನಿಮ್ಮ ಕಡೆ ಏನನ್ನುತ್ತೀರಿ ಎಂದು ಕೇಳುತ್ತಾರೆ.

ಇದರ ಜೊತೆಗೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಚಂದ್ರಬಾಯಿಯ ತಮ್ಮನ ಚಾಳಿನ ಮೇಲೆ ರಸ್ತೆ ಅಗಲ ಮಾಡುವ ಯೋಜನೆ ಹಾದುಹೋಗುತ್ತದೆಂದು ಸುದ್ದಿ. ಗುರುವಾರ ಗುರುವಾರ ಹೂ ಮುಗಿದ ಮೇಲೆ ಮೇಡಂ, ಚಂದ್ರಬಾಯಿ ಇಬ್ಬರೂ ಒಂದೇ ಗಾಡಿಗೆ ಕಲ್ಯಾಣಕ್ಕೆ ಹೋಗುತ್ತಾರೆ. ಅಲ್ಲಿಯ ಹೆಂಗಸರನ್ನು ಕೂರಿಸಿಕೊಂಡು, ಯಾರು ಎಷ್ಟು ವರ್ಷದಿಂದ ಇದ್ದೀರಿ, ಅದಕ್ಕೆ ಯಾವ ಕಾಗದ ಇದೆ, ಇಲ್ಲದಿದ್ದರೆ ಈಗಲೇ ಏನು ಮಾಡಬೇಕು ಎಂದು ಮೇಡಂ ಮರಾಠಿಯಲ್ಲಿ ಹೇಳುತ್ತಾರೆ, ಚಂದ್ರಬಾಯಿ ತನ್ನ ಕಡೆಯವರಿಗೆ ಕನ್ನಡದಲ್ಲಿ ಹೇಳುತ್ತಾಳೆ. ಇಲ್ಲಿಯವರೆಗೆ ಅಲ್ಲಿ ಯಾವ ಮನೆಯೂ ಹೋಗಿಲ್ಲ. ಮುಂದೇನೋ ಗೊತ್ತಿಲ್ಲ.

ಕಳೆದ ಗುರುವಾರ ನಾನು ಕೋಪರಿಗೆ ಹೋದಾಗ ಇಬ್ಬರೂ ಹೊರಡುವ ತಯಾರಿಯಲ್ಲಿದ್ದರು. ಚಂದ್ರಬಾಯಿ ಖಾಲಿ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡಳು. ವಸಂತಣ್ಣ ಔಷಧಿ ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂತು ಹೋಗುವವರು ಬರುವವರನ್ನೆಲ್ಲ ಮಾತಾಡಿಸುತ್ತಿದ್ದರು.

"ಸಂಜೆಗೆ ಮೀನು ತರ್ಲಿಕ್ಕೆ ಹೇಳ್ಲಾ?" ಎಂದು ಕೂಗಿ ಕೇಳಿದರು.

"ಬಂಗುಡೆ ಒಳ್ಳೆಯದಿದ್ರೆ ಮಾತ್ರ" ಎಂದರು ಮೇಡಂ, ರಸ್ತೆ ದಾಟುತ್ತ. "ಜ್ಯೋತಿಗೂ ಸೇರಿಸಿ ತರ್ಲಿಕ್ಕೆ ಹೇಳಿ."